ಮತ್ತೆ ಬೈಕ್ ಹತ್ತುವವರಿಗೆ ಯಾವ ರೆಟ್ರೋ ಗಾಡಿ?

"ಕ್ಲಾಸಿಕ್ ತಗೊಳ್ಳಲಾ, ಹೈನೆಸ್ ತಗೊಳ್ಳಲಾ, ಇಲ್ಲಾ ಜಾವಾನಾ?" ಇತ್ತೀಚೆಗೆ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350, ಹೋಂಡಾದ ಹೈನೆಸ್, ಮತ್ತೆ ಬಂದಿರುವ ಜಾವಾ, ಎಲ್ಲವೂ ರೆಟ್ರೋ, ಅಂದರೆ ಹಳೇ ಚಹರೆಯ ಹೊಸ ಬೈಕುಗಳು. ಕೇಳುವವರೂ ಹೆಚ್ಚು ಕಡಿಮೆ ಒಂದೇ ಥರದವರು. ಕಾಲೇಜಿನಲ್ಲಿ, ಮೊದಲ ಕೆಲಸದ ದಿನಗಳಲ್ಲಿ ಆರ್‌ಎಕ್ಸ್100, ಯೆಜ್ಡಿ ಅಥವಾ ಸ್ಪ್ಲೆಂಡರ್ ಓಡಿಸಿದವರು. ಆಮೇಲೆ ಮದುವೆ, ಮಗು, ಕಾರು, ಮನೆ ಸಾಲ. ಬೈಕ್ ಮಾರಿ ಹತ್ತು ಹದಿನೈದು ವರ್ಷ ಆಗಿದೆ. ಈಗ ಕೈಯಲ್ಲಿ ಸ್ವಲ್ಪ ದುಡ್ಡಿದೆ, ಭಾನುವಾರ ಬೆಳಿಗ್ಗೆ ಸ್ವಲ್ಪ ಬಿಡುವಿದೆ. ದುಂಡು ಹೆಡ್‌ಲೈಟು, ಉಬ್ಬಿದ ಟ್ಯಾಂಕು, ಉದ್ದ ಸೈಲೆನ್ಸರ್ ಇರುವ ಗಾಡಿ ಬೇಕು. ಆದರೆ ಕಿಕ್ ಹೊಡೆದು ಬೆವರುವ ಉಸಾಬರಿ ಬೇಡ.

ಇಂಥವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಎಂಜಿನ್ ಹೋಲಿಸುವ ಮೊದಲು ತೂಕ ಹೋಲಿಸಿ. ನಿಮ್ಮ ನೆನಪಿನಲ್ಲಿರುವ ಆರ್‌ಎಕ್ಸ್100 ನೂರು ಕೆಜಿ ಆಸುಪಾಸಿನ ಗಾಡಿ. ಇವತ್ತಿನ ಕ್ಲಾಸಿಕ್ 350 ತೂಗುವುದು 195 ಕೆಜಿ. ಹತ್ತಿರ ಹತ್ತಿರ ಎರಡು ಪಟ್ಟು. ಓಡುವಾಗ ಈ ತೂಕ ಗೊತ್ತಾಗುವುದಿಲ್ಲ, ಬದಲಿಗೆ ಹಿತವಾಗಿಯೇ ಇರುತ್ತದೆ. ಗೊತ್ತಾಗುವುದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಎರಡು ಕಾರಿನ ನಡುವಿನಿಂದ ಗಾಡಿಯನ್ನು ಹಿಂದಕ್ಕೆ ಎಳೆಯುವಾಗ. ಇಲ್ಲಾ ಜಲ್ಲಿಕಲ್ಲಿನ ಮೇಲೆ ಯೂ-ಟರ್ನ್ ಹೊಡೆಯುವಾಗ. ಬಿಟ್ಟು ಶುರು ಮಾಡಿದವರು ಗಾಡಿ ಬೀಳಿಸುವುದು ಬಹುಪಾಲು ಇಂಥ ಕಡೆಯೇ ಹೊರತು ಹೈವೇಯಲ್ಲಿ ಅಲ್ಲ.

ಏನೇನು ನೋಡಬೇಕು

ತೂಕದ ಜೊತೆ ಸೀಟಿನ ಎತ್ತರ. ಕಾಗದದ ಮೇಲೆ 790 ಮಿಲಿಮೀಟರ್, 805 ಮಿಲಿಮೀಟರ್ ಅಂತ ಓದಿದರೆ ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ. ಆದರೆ ಸೀಟು ಅಗಲ ಇದ್ದರೆ ತೊಡೆ ಹರಡಿಕೊಂಡು ಕಾಲು ಇನ್ನಷ್ಟು ಮೇಲಾಗುತ್ತದೆ. ಐದಡಿ ಐದಿಂಚಿಗಿಂತ ಕಡಿಮೆ ಇರುವವರು, ಗಂಡಸರಾಗಲಿ ಹೆಂಗಸರಾಗಲಿ, ಅಂಕಿ ನೋಡಿ ನಂಬಬೇಡಿ. ಕೂತು ನೋಡಿ. ಎರಡೂ ಪಾದ ಪೂರ್ತಿ ಊರಬೇಕಂತಿಲ್ಲ, ಒಂದು ಪಾದ ಪೂರ್ತಿ, ಇನ್ನೊಂದರ ಮುಂಗಾಲು ಗಟ್ಟಿಯಾಗಿ ಊರಿದರೆ ಸಾಕು.

ಮೂರನೆಯದು, ನಿಧಾನಕ್ಕೆ ಹೋಗುವಾಗಿನ ನಡತೆ. ಕ್ಲಚ್ ಹಗುರವಾಗಿದೆಯಾ? ಎರಡನೇ ಗೇರಿನಲ್ಲಿ ಹದಿನೈದು ಕಿಲೋಮೀಟರ್ ವೇಗದಲ್ಲಿ ಗಾಡಿ ತಡವರಿಸದೆ ಹೋಗುತ್ತದಾ? ಸಿಲ್ಕ್ ಬೋರ್ಡ್ ಕಡೆ ಓಡಾಡುವವರಿಗೆ ಇದರ ಮುಂದೆ ಎಂಜಿನ್ ಶಕ್ತಿಯ ಬಿಎಚ್‌ಪಿ ಲೆಕ್ಕವೆಲ್ಲ ಸುಮ್ನೆ.

ಬ್ರೇಕ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನೀವು ಆಗ ಓಡಿಸಿದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಮುಂದೆ ಡ್ರಮ್ ಬ್ರೇಕೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಆದರೆ ಅದರಲ್ಲೂ ಎರಡು ಬಗೆ ಇದೆ. ಸಿಂಗಲ್ ಚಾನೆಲ್ ಅಂದರೆ ಮುಂದಿನ ಗಾಲಿಗೆ ಮಾತ್ರ, ಡ್ಯುಯಲ್ ಚಾನೆಲ್ ಅಂದರೆ ಎರಡಕ್ಕೂ. ಹಳೇ ಕಾಲದ ಸವಾರರಿಗೆಲ್ಲ ಒಂದು ಅಭ್ಯಾಸ ಇದೆ. ಗಾಬರಿಯಾದರೆ ಬಲಗಾಲಿನಲ್ಲಿ ಹಿಂದಿನ ಬ್ರೇಕನ್ನು ಒತ್ತಿ ನಿಂತುಬಿಡುವುದು. ಸಿಂಗಲ್ ಚಾನೆಲ್ ಗಾಡಿಯಲ್ಲಿ, ಚಾರ್ಮಾಡಿ ಘಾಟಿಯ ಜುಲೈ ತಿಂಗಳ ಒದ್ದೆ ರಸ್ತೆಯಲ್ಲಿ ಹಾಗೆ ಮಾಡಿದರೆ ಹಿಂದಿನ ಗಾಲಿ ಲಾಕ್ ಆಗಿ ಜಾರುತ್ತದೆ. ಅಗ್ಗದ ವೇರಿಯಂಟಿನಲ್ಲಿ ಉಳಿಯುವ ಹತ್ತು ಹದಿನೈದು ಸಾವಿರಕ್ಕೆ ಇದನ್ನು ಬಿಟ್ಟುಕೊಡಬೇಡಿ.

ಇನ್ನು ಹಿಂದೆ ಕೂರುವವರು. ಗಾಡಿ ಆರಿಸುವಾಗ ಇವರನ್ನು ಶೋರೂಮಿಗೆ ಕರೆದುಕೊಂಡು ಹೋಗುವವರು ಕಡಿಮೆ. ಆಮೇಲೆ ಮೊದಲ ಟ್ರಿಪ್ಪಿನಲ್ಲೇ ಸೊಂಟ ನೋವು ಅಂತ ಇಳಿದುಬಿಟ್ಟರೆ ಗಾಡಿ ಶೆಡ್ಡಿನಲ್ಲೇ ಉಳಿಯುತ್ತದೆ.

ಸರ್ವಿಸ್ ಸೆಂಟರ್ ಎಷ್ಟು ದೂರ ಅನ್ನುವುದು ಬೆಂಗಳೂರಿನವರಿಗೆ ದೊಡ್ಡ ಪ್ರಶ್ನೆಯಲ್ಲ. ಮೂಡಿಗೆರೆಯಲ್ಲೋ ಸಿರಸಿಯಲ್ಲೋ ಇರುವವರಿಗೆ ಬಹುಶಃ ಮೊದಲ ಪ್ರಶ್ನೆಯೇ ಅದು.

ಕೊನೆಗೆ ದುಡ್ಡು. ಎರಡು ವಿಷಯ ತಿಳಿದಿರಲಿ. ಒಂದು, ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ತೆರಿಗೆ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಅದರ ಮೇಲಿನವಕ್ಕೆ 40 ಪರ್ಸೆಂಟಿಗೆ ಏರಿತು. ಹಾಗಾಗಿ 349 ಸಿಸಿ ಗಾಡಿಗೂ 398 ಸಿಸಿ ಗಾಡಿಗೂ ನಡುವಿನ ಕಂದಕ ಈಗ ಮೊದಲಿಗಿಂತ ದೊಡ್ಡದು. ಎರಡು, ಕರ್ನಾಟಕದ ರಸ್ತೆ ತೆರಿಗೆ ಜಾಸ್ತಿ. ಅದರ ಜೊತೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯವಾಗಿ ಸೇರುತ್ತದೆ. ಜಾಹೀರಾತಿನ ಎಕ್ಸ್-ಶೋರೂಂ ಬೆಲೆಗೆ ಕಾಲು ಭಾಗ ಸೇರಿಸಿಕೊಂಡೇ ಬಜೆಟ್ ಲೆಕ್ಕ ಹಾಕಿ. ಶೋರೂಮಿನಲ್ಲಿ ಕೇಳಬೇಕಾದ್ದು ಆನ್-ರೋಡ್ ಬೆಲೆಯನ್ನೇ.

ಕ್ಲಾಸಿಕ್ 350, ಬುಲೆಟ್ 350

ಎಲ್ಲರ ಮನಸ್ಸಿನಲ್ಲಿ ಮೊದಲು ಬರುವ ಹೆಸರು ಇದೇ. 2021ರ ಸೆಪ್ಟೆಂಬರಿನಲ್ಲಿ ಬಂದ ಹೊಸ ಕ್ಲಾಸಿಕ್ ಹಳೆಯದರ ಚಹರೆ ಉಳಿಸಿಕೊಂಡು ಒಳಗೆಲ್ಲ ಬದಲಾಗಿದೆ. 349 ಸಿಸಿ, 20 ಬಿಎಚ್‌ಪಿ, 27 ಎನ್‌ಎಂ ಟಾರ್ಕ್ (ಎಂಜಿನ್ನಿನ ಎಳೆಯುವ ಬಲ), ಐದು ಗೇರು. ಎಂಜಿನ್ನಿನ ಒಳಗೆ ಬ್ಯಾಲೆನ್ಸರ್ ಶಾಫ್ಟ್ ಬಂದಿರುವುದರಿಂದ ಹಳೇ ಬುಲೆಟ್ಟಿನ ಕೈ ಜುಮ್ಮೆನ್ನುವ ನಡುಕ ಈಗಿಲ್ಲ. ಎಂಬತ್ತರ ವೇಗದಲ್ಲಿ ಇಡೀ ದಿನ ಹೋಗಬಹುದು. ನೂರು ದಾಟಿದರೆ ಎಂಜಿನ್ನಿಗೂ ಇಷ್ಟವಿಲ್ಲ, ಸವಾರನಿಗೂ ಇಷ್ಟವಾಗುವುದಿಲ್ಲ.

ಹಳೇ ಬುಲೆಟ್ ಓಡಿಸಿದವರು ಇಲ್ಲಿ ಎಚ್ಚರವಾಗಿರಬೇಕು. ಆಗ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇತ್ತು. ಈಗ ಎಲ್ಲ ಬೈಕಿನಂತೆ ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ತಲೆಗೆ ಗೊತ್ತಿದ್ದರೂ ಕಾಲು ಹಳೇ ಅಭ್ಯಾಸ ಮರೆಯುವುದಿಲ್ಲ. ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಕೊಂಡೇ ರಸ್ತೆಗೆ ಇಳಿಯಿರಿ. ಇನ್ನೊಂದು, ಈ ಹೊಸ ಮಾಡೆಲ್ಲುಗಳಲ್ಲಿ ಕಿಕ್ಕರ್ ಇಲ್ಲ. ವಾರಗಟ್ಟಲೆ ನಿಲ್ಲಿಸಿ ಬ್ಯಾಟರಿ ಇಳಿಸಿದರೆ ತಳ್ಳಿ ಸ್ಟಾರ್ಟ್ ಮಾಡುವುದು ಅಥವಾ ಮೆಕ್ಯಾನಿಕ್ಕಿಗೆ ಫೋನ್ ಮಾಡುವುದು, ಎರಡೇ ದಾರಿ. ಅದರಲ್ಲೂ 195 ಕೆಜಿ ತಳ್ಳುವುದು ತಮಾಷೆಯಲ್ಲ.

ಇದರ ದೊಡ್ಡ ಬಲ ಬಿಡಿಭಾಗ ಮತ್ತು ಮೆಕ್ಯಾನಿಕ್. ತಾಲ್ಲೂಕು ಕೇಂದ್ರಗಳಲ್ಲೂ ಇದನ್ನು ಬಿಚ್ಚಿ ಜೋಡಿಸುವವರು ಸಿಗುತ್ತಾರೆ. ಮಾರುವಾಗಲೂ ಬೆಲೆ ಚೆನ್ನಾಗಿ ನಿಲ್ಲುತ್ತದೆ. ಒಂದು ವರ್ಷ ಓಡಿಸಿ "ನನಗಿದು ಆಗಲ್ಲ" ಅನ್ನಿಸಿದರೂ ಕೈ ಸುಟ್ಟುಕೊಳ್ಳುವುದು ಕಡಿಮೆ. ಬಿಟ್ಟು ಶುರು ಮಾಡುವವರಿಗೆ ಇದು ಸಣ್ಣ ಸಮಾಧಾನವಲ್ಲ.

2023ರಲ್ಲಿ ಬಂದ ಬುಲೆಟ್ 350 ಇದೇ ಎಂಜಿನ್, ಇದೇ ತೂಕ, ಬೆಲೆ ಸ್ವಲ್ಪ ಕಡಿಮೆ. ಅದರ ಉದ್ದನೆಯ ಒಂದೇ ಸೀಟು ಹಿಂದೆ ಕೂರುವವರಿಗೆ ಕ್ಲಾಸಿಕ್‌ಗಿಂತ ಹಿತ ಅನ್ನುವುದು ನನ್ನ ಅನಿಸಿಕೆ. ಆದರೆ ಕೆಳಗಿನ ವೇರಿಯಂಟಿನಲ್ಲಿ ಹಿಂದೆ ಡ್ರಮ್ ಬ್ರೇಕು, ಸಿಂಗಲ್ ಚಾನೆಲ್ ಎಬಿಎಸ್ ಬರುತ್ತದೆ, ನೋಡಿಕೊಳ್ಳಿ.

ಕಡ್ಡಿ ಗಾಲಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನೋಡಲು ಚೆಂದ, ನಿಜ. ಆದರೆ ಒಳಗೆ ಟ್ಯೂಬ್ ಇರುತ್ತದೆ. ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗುತ್ತದೆ. ಗಾಲಿ ಬಿಚ್ಚಿ ಪಂಕ್ಚರ್ ಹಾಕಬೇಕು. ಅಲಾಯ್ ಗಾಲಿಯ ಟ್ಯೂಬ್‌ಲೆಸ್ ಟೈರಾದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ರಸ್ತೆ ಬದಿಯಲ್ಲೇ ಐದು ನಿಮಿಷದಲ್ಲಿ ಮುಚ್ಚಬಹುದು. ಕೊಟ್ಟಿಗೆಹಾರದ ಆಚೆ, ಮಳೆಯಲ್ಲಿ, ಸಿಗ್ನಲ್ ಇಲ್ಲದ ಕಡೆ ನಿಂತಾಗ ಚೆಂದ ಯಾರಿಗೂ ನೆನಪಾಗುವುದಿಲ್ಲ.

ಹೋಂಡಾ ಹೈನೆಸ್ ಮತ್ತು ಸಿಬಿ350

2020ರಲ್ಲಿ ಹೈನೆಸ್ ಬಂದಾಗ "ಬುಲೆಟ್ ಕಾಪಿ" ಅಂತ ನಕ್ಕವರೇ ಜಾಸ್ತಿ. ಓಡಿಸಿದ ಮೇಲೆ ನಗು ಕಡಿಮೆಯಾಯಿತು. 348 ಸಿಸಿ, 181 ಕೆಜಿ, 800 ಮಿಲಿಮೀಟರ್ ಸೀಟು, 15 ಲೀಟರ್ ಟ್ಯಾಂಕು. ಕ್ಲಾಸಿಕ್‌ಗಿಂತ 14 ಕೆಜಿ ಕಡಿಮೆ. ಕಡಿಮೆ ಅನ್ನಿಸಬಹುದು, ಆದರೆ ಬೇಸ್‌ಮೆಂಟಿನಲ್ಲಿ ಹಿಂದಕ್ಕೆ ಎಳೆಯುವಾಗ ಒಂದು ಗ್ಯಾಸ್ ಸಿಲಿಂಡರಿನ ಒಳಗಿನ ಗ್ಯಾಸಿನಷ್ಟು ತೂಕ ಇಳಿದಿರುತ್ತದೆ.

ಇದರ ಗುಣ ಇರುವುದು ಕೆಳಗಿನ ವೇಗದಲ್ಲಿ. 30 ಎನ್‌ಎಂ ಟಾರ್ಕ್ 3000 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಸಿಗುತ್ತದೆ. ಕ್ಲಾಸಿಕ್ ತನ್ನ 27 ಎನ್‌ಎಂ ಕೊಡುವುದು 4000ದಲ್ಲಿ. ಜೊತೆಗೆ ಅಸಿಸ್ಟ್ ಮತ್ತು ಸ್ಲಿಪ್ಪರ್ ಕ್ಲಚ್ ಇದೆ. ಬೆರಳೆರಡರಲ್ಲಿ ಹಿಡಿಯಬಹುದು. ಅವಸರದಲ್ಲಿ ಗೇರ್ ತಪ್ಪಾಗಿ ಇಳಿಸಿದರೂ ಹಿಂದಿನ ಗಾಲಿ ಹಾರುವುದಿಲ್ಲ. ಕಾಲು ಕೈ ಇನ್ನೂ ಹೊಂದಿಕೊಳ್ಳುತ್ತಿರುವವರಿಗೆ ಇದು ದೊಡ್ಡ ಕ್ಷಮಾಗುಣ. ಡ್ಯುಯಲ್ ಚಾನೆಲ್ ಎಬಿಎಸ್ ಇದೆ, ಮರಳಿನ ಮೇಲೆ ಹಿಂದಿನ ಗಾಲಿ ಜಾರದಂತೆ ತಡೆಯುವ ಟಾರ್ಕ್ ಕಂಟ್ರೋಲೂ ಇದೆ. ಹಿಮ್ಮಡಿಯಿಂದ ಗೇರ್ ಹಾಕುವ ಎರಡು ಕಡೆಯ ಲಿವರ್ ಇದೆ, ಹಾಗಾಗಿ ಆಫೀಸಿನ ಶೂ ತುದಿ ಹಾಳಾಗುವುದಿಲ್ಲ.

ದೂರು ಏನು? ಗೇರುಗಳು ಉದ್ದ. ಮೂರನೇ ಗೇರಿನಲ್ಲೇ ಊರೆಲ್ಲ ಸುತ್ತಬಹುದು, ಆದರೆ ಓವರ್‌ಟೇಕ್ ಮಾಡಬೇಕಾದಾಗ ಒಂದು ಗೇರ್ ಇಳಿಸಲೇಬೇಕು. ಇನ್ನೊಂದು, ಇದು ಸಿಗುವುದು ಮತ್ತು ಸರ್ವಿಸ್ ಆಗುವುದು ಹೋಂಡಾ ದೊಡ್ಡ ಬೈಕುಗಳಿಗೆ ಅಂತ ಇರುವ ಬಿಗ್‌ವಿಂಗ್ ಶೋರೂಮುಗಳಲ್ಲಿ. ಊರಿನ ಹೋಂಡಾ ಆಕ್ಟಿವಾ ಶೋರೂಮನ್ನು ನೋಡಿ ಇಲ್ಲೇ ಆಗುತ್ತದೆ ಅಂದುಕೊಳ್ಳಬೇಡಿ. ದೊಡ್ಡ ಊರುಗಳಿಗೆ ಸರಿ, ಸಣ್ಣ ಊರಿನವರು ಮೊದಲು ವಿಚಾರಿಸಿ.

2023ರ ಕೊನೆಗೆ ಬಂದ ಸಿಬಿ350 ಇದೇ ಎಂಜಿನ್ನಿಗೆ ಇನ್ನೂ ಹಳೇ ಕಾಲದ ಉಡುಪು ತೊಡಿಸಿದ ಗಾಡಿ. 187 ಕೆಜಿ. ಕ್ಲಾಸಿಕ್ ಚೆಂದ ಬೇಕು, ಹೋಂಡಾ ನಯ ಬೇಕು ಅನ್ನುವವರಿಗೆ. ಸಿಬಿ350ಆರ್‌ಎಸ್ ಸ್ವಲ್ಪ ಮುಂದಕ್ಕೆ ಬಾಗಿ ಕೂರುವ ಗಾಡಿ. ಬೆನ್ನು ನೋವು ಇರುವವರು ಅದರ ಕಡೆ ಹೋಗದಿದ್ದರೆ ಒಳ್ಳೆಯದು.

ಹಂಟರ್ 350: ಊರೊಳಗಿನವರಿಗೆ

ಇದೂ ರಾಯಲ್ ಎನ್‌ಫೀಲ್ಡೇ. ಕ್ಲಾಸಿಕ್‌ನದೇ ಎಂಜಿನ್, ಸಣ್ಣ ಮೈ. 2022ರ ಆಗಸ್ಟಿನಲ್ಲಿ ಬಂತು. ಮೆಟ್ರೋ ವೇರಿಯಂಟ್ 181 ಕೆಜಿ, ಸೀಟು 790 ಮಿಲಿಮೀಟರ್. ಎರಡೂ ಕಡೆ 17 ಇಂಚಿನ ಗಾಲಿ, ಟ್ಯೂಬ್‌ಲೆಸ್ ಟೈರು. ಟ್ರಾಫಿಕ್ಕಿನಲ್ಲಿ ತಿರುಗಿಸುವುದು ಸಲೀಸು. ಬೆಂಗಳೂರಿನಲ್ಲಿ ಆಫೀಸಿಗೂ ಬೇಕು, ಭಾನುವಾರ ನಂದಿಗೂ ಬೇಕು ಅನ್ನುವವರು ಕ್ಲಾಸಿಕ್‌ಗೆ ಮೊದಲು ಇದನ್ನು ಓಡಿಸಿ ನೋಡಬೇಕು.

ಮೊದಲ ಹಂಟರುಗಳ ಹಿಂದಿನ ಸಸ್ಪೆನ್ಷನ್ ಗಟ್ಟಿ. ಹಂಪ್ ಹಾರಿದರೆ ಬೆನ್ನಿಗೆ ಗೊತ್ತಾಗುತ್ತದೆ. 2025ರ ಮಾಡೆಲ್ಲಿನಲ್ಲಿ ಅದನ್ನು ಸುಧಾರಿಸಿದ್ದಾರೆ, ಸ್ಲಿಪ್ ಅಸಿಸ್ಟ್ ಕ್ಲಚ್ಚನ್ನೂ ಕೊಟ್ಟಿದ್ದಾರೆ. ಸೆಕೆಂಡ್ ಹ್ಯಾಂಡ್ ಹಂಟರ್ ನೋಡುವವರು 2025ರ ಈ ಗೆರೆ ನೆನಪಿಡಿ. ಹಿಂದೆ ಕೂರುವ ಜಾಗ ಚಿಕ್ಕದು. ಆರಡಿ ಎತ್ತರದವರಿಗೆ ಮಂಡಿ ಮಡಚಿದಂತೆ ಆಗುತ್ತದೆ.

ಕಡಿಮೆ ಬೆಲೆಯ ರೆಟ್ರೋ ವೇರಿಯಂಟಿನಲ್ಲಿ ಹಿಂದೆ ಡ್ರಮ್, ಸಿಂಗಲ್ ಚಾನೆಲ್, ಕಡ್ಡಿ ಗಾಲಿ. ಮೇಲೆ ಹೇಳಿದ ಕಾರಣಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಟಿವಿಎಸ್ ರೋನಿನ್: ಯಾರೂ ಕೇಳದ ಗಾಡಿ

ಈ ಪ್ರಶ್ನೆ ಕೇಳುವವರ ಪಟ್ಟಿಯಲ್ಲಿ ರೋನಿನ್ ಇರುವುದೇ ಇಲ್ಲ. 225 ಸಿಸಿ ಅಂದ ತಕ್ಷಣ ಮುಖ ತಿರುಗಿಸುತ್ತಾರೆ. ನನಗಂತೂ ಮರಳಿ ಬರುವವರಿಗೆ ಹೇಳಿ ಮಾಡಿಸಿದ ಗಾಡಿ ಅನ್ನಿಸುತ್ತದೆ. ತೂಕ 160 ಕೆಜಿ. ಕ್ಲಾಸಿಕ್‌ಗಿಂತ 35 ಕೆಜಿ ಕಡಿಮೆ! ಶಕ್ತಿ ಮಾತ್ರ ಹೆಚ್ಚು ಕಡಿಮೆ ಅಷ್ಟೇ, 20 ಬಿಎಚ್‌ಪಿ. ಟಾರ್ಕ್ ಕಡಿಮೆ, 20 ಎನ್‌ಎಂ ಆಸುಪಾಸು. ಹಾಗಾಗಿ ಇಬ್ಬರು ಕೂತು ಲಗೇಜು ಕಟ್ಟಿ ಘಾಟಿ ಹತ್ತುವಾಗ ಗೇರ್ ಇಳಿಸುತ್ತಲೇ ಇರಬೇಕು. ಒಬ್ಬರೇ ಹೋಗುವುದಾದರೆ ಕೊರತೆ ಕಾಣುವುದಿಲ್ಲ.

ಸೀಟು 795 ಮಿಲಿಮೀಟರ್, ಅಸಿಸ್ಟ್ ಸ್ಲಿಪ್ಪರ್ ಕ್ಲಚ್, ಟ್ಯೂಬ್‌ಲೆಸ್ ಟೈರು. ಟಿವಿಎಸ್ ಸರ್ವಿಸ್ ಎಲ್ಲ ಊರಲ್ಲೂ ಇದೆ. ಬೆಲೆ ಈ ಇಡೀ ಪಟ್ಟಿಯಲ್ಲೇ ಕಡಿಮೆ. ಇಲ್ಲೂ ಕೆಳಗಿನ ವೇರಿಯಂಟ್ ಸಿಂಗಲ್ ಚಾನೆಲ್, ಬಿಟ್ಟು ಮೇಲಿನದನ್ನು ತಗೊಳ್ಳಿ. ಒಂದೇ ಆಕ್ಷೇಪ ಅಂದರೆ ಅದರ ರೂಪ. ಅರ್ಧ ರೆಟ್ರೋ, ಅರ್ಧ ಇವತ್ತಿನದು. ಕ್ರೋಮ್ ಹೊಳೆಯಬೇಕು, ಡುಗುಡುಗು ಸದ್ದು ಕೇಳಬೇಕು ಅನ್ನುವವರ ಮನಸ್ಸು ಇದಕ್ಕೆ ಒಗ್ಗುವುದಿಲ್ಲ. ಮನಸ್ಸು ಒಗ್ಗದ ಗಾಡಿಯನ್ನು ಬರೀ ಲೆಕ್ಕ ನೋಡಿ ತಗೊಳ್ಳಬೇಡಿ ಅಂತಲೂ ಹೇಳುತ್ತೇನೆ. ಇಷ್ಟಪಟ್ಟು ಹತ್ತದಿದ್ದರೆ ಬೈಕ್ ಯಾಕೆ ಬೇಕು, ಕಾರು ಇದೆಯಲ್ಲ.

ಜಾವಾ, ಯೆಜ್ಡಿ: ಮೈಸೂರಿನ ಋಣ

ಇಲ್ಲಿ ನಿಷ್ಪಕ್ಷಪಾತವಾಗಿರುವುದು ಕನ್ನಡಿಗರಿಗೆ ಕಷ್ಟ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿಗಳು ಅವು. ನಮ್ಮಲ್ಲಿ ಎಷ್ಟೋ ಜನರ ಅಪ್ಪನೋ ಸೋದರಮಾವನೋ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಇಲ್ಲಾ ಆ ಗಾಡಿಯ ಟ್ಯಾಂಕಿನ ಮೇಲೆ ನಮ್ಮನ್ನು ಕೂರಿಸಿಕೊಂಡು ಊರು ತೋರಿಸಿದವರು. ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಇವತ್ತಿಗೂ ಹಳೇ ಗಾಡಿಗಳ ಮೆರವಣಿಗೆ ನಡೆಯುತ್ತದೆ.

2018ರ ನವೆಂಬರಿನಲ್ಲಿ ಮಹೀಂದ್ರ ಗುಂಪಿನ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ತಂದಿತು. 2022ರ ಜನವರಿಯಲ್ಲಿ ಯೆಜ್ಡಿ ಬಂತು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಹಳೆಯದು, ಗಾಡಿ ಪೂರ್ತಿ ಹೊಸದು. ಹಳೆಯದು ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾದ ಟೂ ಸ್ಟ್ರೋಕ್, ಕಿಕ್ಕರೇ ಗೇರ್ ಲಿವರ್ ಆಗುತ್ತಿದ್ದ ವಿಚಿತ್ರ. ಹೊಸದು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್, ಆರು ಗೇರು. ಆ ಟಣ್ ಟಣ್ ಸದ್ದನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆ ಖಂಡಿತ.

ಹೆಸರಿನ ಮೋಹ ಪಕ್ಕಕ್ಕಿಟ್ಟು ನೋಡಿದರೆ ಇದು ಕೆಟ್ಟ ಗಾಡಿಯಲ್ಲ. 2024ರ ಜಾವಾ 350ರಲ್ಲಿ 334 ಸಿಸಿ ಎಂಜಿನ್, 28 ಎನ್‌ಎಂ ಟಾರ್ಕ್. ತೂಕ ಹೆಚ್ಚು ಕಡಿಮೆ ಕ್ಲಾಸಿಕ್‌ನಷ್ಟೇ. ಆರನೇ ಗೇರ್ ಇರುವುದರಿಂದ ಹೈವೇಯಲ್ಲಿ ಎಂಜಿನ್ ಇನ್ನಷ್ಟು ನಿರಾಳ. ಜಾವಾ 42 ಇದಕ್ಕಿಂತ ಹಗುರ, ಸೀಟೂ ತಗ್ಗು, ಚುರುಕೂ ಜಾಸ್ತಿ. ಎತ್ತರ ಕಡಿಮೆ ಇರುವವರಿಗೆ ನಾನು 42ನ್ನೇ ಹೇಳುತ್ತೇನೆ. ಆದರೆ ಡೀಲರುಗಳ ಸಂಖ್ಯೆ ರಾಯಲ್ ಎನ್‌ಫೀಲ್ಡಿನ ಹತ್ತಿರಕ್ಕೂ ಬರುವುದಿಲ್ಲ. ಮಾರುವಾಗಿನ ಬೆಲೆಯೂ ಅಷ್ಟೇ. ನಿಮ್ಮ ಊರಿನಲ್ಲಿ ಒಳ್ಳೆಯ ಡೀಲರ್ ಇದ್ದರೆ, ಈಗಾಗಲೇ ಎರಡು ಮೂರು ವರ್ಷ ಓಡಿಸಿದ ಇಬ್ಬರನ್ನು ಮಾತಾಡಿಸಿ ಆಮೇಲೆ ಮುಂದುವರಿಯಿರಿ.

ಟ್ರಯಂಫ್ ಸ್ಪೀಡ್ 400, ಮತ್ತು ಇನ್ನೂ ದೊಡ್ಡವು

ಬಜಾಜ್ ಜೊತೆ ಸೇರಿ ಟ್ರಯಂಫ್ ತಂದ ಸ್ಪೀಡ್ 400 ಈ ಗುಂಪಿನಲ್ಲಿ ಬೇರೆಯೇ ಜಾತಿ. 398 ಸಿಸಿ, 40 ಪಿಎಸ್ (ಬಿಎಚ್‌ಪಿಯ ಹತ್ತಿರದ್ದೇ ಅಳತೆ). ಅಂದರೆ ಕ್ಲಾಸಿಕ್‌ನ ಎರಡು ಪಟ್ಟು. ತೂಕ ಮಾತ್ರ 180 ಕೆಜಿಯೊಳಗೆ. ಸೀಟು 800 ಮಿಲಿಮೀಟರ್ ಆಸುಪಾಸು. ನೋಡಲು ರೆಟ್ರೋ, ಓಡಿಸಲು ಪಕ್ಕಾ ಇವತ್ತಿನ ಬೈಕು. ತೂಕ ಮೊದಲು ಅನ್ನುವ ನನ್ನ ಲೆಕ್ಕದಲ್ಲೂ ಇದು ಪಾಸು.

ಹಾಗಿದ್ದರೂ ಹತ್ತು ವರ್ಷ ಬಿಟ್ಟವರಿಗೆ ಮೊದಲ ಗಾಡಿಯಾಗಿ ಕೊಡಲು ನಾನು ಹಿಂಜರಿಯುತ್ತೇನೆ. 350ರ ಗಾಡಿಗಳಲ್ಲಿ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ತಿರುಗಿಸಿದರೆ ಸದ್ದು ಹೆಚ್ಚುತ್ತದೆ ಅಷ್ಟೇ. ಇದರಲ್ಲಿ ವೇಗ ಹೆಚ್ಚುತ್ತದೆ. ಸ್ಕೂಟರನ್ನಾದರೂ ದಿನಾ ಓಡಿಸುತ್ತಿದ್ದೀರಿ, ರಸ್ತೆಯ ಕಣ್ಣು ಇನ್ನೂ ಮಂಕಾಗಿಲ್ಲ ಅಂದರೆ ಧೈರ್ಯವಾಗಿ ಹೋಗಿ. ಕಾರಿನಲ್ಲೇ ಹತ್ತು ವರ್ಷ ಕಳೆದವರು ಒಂದು ವರ್ಷ ಬೇರೆ ಗಾಡಿ ಓಡಿಸಿ ಆಮೇಲೆ ಬನ್ನಿ. ಟ್ರಾಫಿಕ್ಕಿನಲ್ಲಿ ಕಾಲಿಗೆ ಬಿಸಿ ತಟ್ಟುತ್ತದೆ, ಹಿಂದಿನ ಸೀಟು ಸಾಧಾರಣ, 40 ಪರ್ಸೆಂಟ್ ಜಿಎಸ್‌ಟಿ ಗುಂಪು. ಆನ್-ರೋಡ್ ಮೂರು ಲಕ್ಷದ ಆಸುಪಾಸು ಇಟ್ಟುಕೊಂಡೇ ಯೋಚಿಸಿ.

ಹೀರೋ ತಯಾರಿಸುವ ಹಾರ್ಲೆ ಎಕ್ಸ್440ಗೆ 38 ಎನ್‌ಎಂ ಟಾರ್ಕ್ ಇದೆ, 190 ಕೆಜಿ ತೂಕ ಇದೆ, ಹೆಸರಿನ ಗತ್ತೂ ಇದೆ. ಹೈನೆಸ್ ಓಡಿಸಿ "ಇನ್ನೂ ಸ್ವಲ್ಪ ಬೇಕು" ಅನ್ನಿಸಿದವರು ನೋಡಬಹುದು. ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್ 650 ಬಗ್ಗೆ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಅದ್ಭುತ ಎಂಜಿನ್, ಇನ್ನೂರು ಕೆಜಿ ಮೀರಿದ ತೂಕ, 47 ಬಿಎಚ್‌ಪಿ. ಎರಡನೇ ಬೈಕಾಗಿ ತಗೊಳ್ಳಿ. ಹೈವೇ ವೇಗದ ಆಸೆಗೇ ದೊಡ್ಡ ಗಾಡಿ ಬೇಕು ಅನ್ನುವವರು ಇನ್ನೊಂದನ್ನೂ ಗಮನಿಸಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಟ್ರ್ಯಾಕ್ಟರ್ ಹಿಂದೆ ಹೋಗುವಾಗ ಕ್ಲಾಸಿಕ್ಕೂ ಒಂದೇ, ಇಂಟರ್‌ಸೆಪ್ಟರೂ ಒಂದೇ.

ನಿಜವಾದ ಹಳೇ ಗಾಡಿಯನ್ನೇ ತಂದರೆ?

ರೆಟ್ರೋ ಯಾಕೆ, ಅಸಲಿಯನ್ನೇ ತರೋಣ ಅನ್ನುವವರೂ ಇದ್ದಾರೆ. ರೋಡ್‌ಕಿಂಗ್, ಆರ್‌ಎಕ್ಸ್100, ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್. ಹವ್ಯಾಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಓಡಿಸಲು ಇರುವ ಒಂದೇ ಬೈಕಾಗಿ ಬೇಡ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಿಸಬೇಕು, ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಬಂಕಿನಲ್ಲಿ ಈಗ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲು. ಹಳೇ ಕಾರ್ಬುರೇಟರಿನ ರಬ್ಬರ್ ಭಾಗಗಳಿಗೆ ಅದು ಒಗ್ಗುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿದರೆ ಎಥೆನಾಲ್ ನೀರಿನ ಪಸೆ ಎಳೆದುಕೊಂಡು ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಮುಖ್ಯವಾಗಿ, ನಿಮ್ಮ ಕೈಯೂ ಪಳಗಿಲ್ಲ, ಗಾಡಿಯ ಬ್ರೇಕೂ ಸರಿಯಿಲ್ಲ ಅಂದರೆ ಎರಡೂ ಒಟ್ಟಿಗೆ ಆಗುವುದಿಲ್ಲ.

ನಡುದಾರಿ ಒಂದಿದೆ. 2009ರಿಂದ 2021ರವರೆಗಿನ ಹಿಂದಿನ ತಲೆಮಾರಿನ ಕ್ಲಾಸಿಕ್ 350 ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಕಿಕ್ಕರ್ ಇದೆ, ಆ ಹಳೇ ಸದ್ದೂ ಇದೆ, ನಡುಕವೂ ಇದೆ. ತಗೊಳ್ಳುವುದಾದರೆ ಎಬಿಎಸ್ ಬಂದ ಮೇಲಿನ ಮಾಡೆಲ್ಲನ್ನೇ ಹುಡುಕಿ. ಸೈಲೆನ್ಸರ್ ಬದಲಾಯಿಸಿದ ಗಾಡಿಯಾದರೆ ಬೆಲೆ ಇಳಿಸಿ ಕೇಳಿ, ಪೊಲೀಸರು ಹಿಡಿದರೆ ದಂಡ ನಿಮ್ಮದೇ.

ಯಾರಿಗೆ ಯಾವುದು

ಗಂಡ ಹೆಂಡತಿ ಇಬ್ಬರೂ ಕೂತು ಚಿಕ್ಕಮಗಳೂರು, ಸಕಲೇಶಪುರ ಅಂತ ತಿರುಗುವ ಆಸೆ ಇದ್ದರೆ ಹೈನೆಸ್ ಅಥವಾ ಕ್ಲಾಸಿಕ್. ದೊಡ್ಡ ಊರಿನಲ್ಲಿ ಇದ್ದರೆ ಹೈನೆಸ್, ತಾಲ್ಲೂಕು ಕೇಂದ್ರದಲ್ಲಿದ್ದರೆ ಕ್ಲಾಸಿಕ್ ಅಥವಾ ಬುಲೆಟ್. ದಿನಾ ಆಫೀಸಿಗೆ ಟ್ರಾಫಿಕ್ಕಿನಲ್ಲಿ ಒಬ್ಬರೇ ಹೋಗುವವರಿಗೆ ಹಂಟರ್. ಮಂಡಿ, ಸೊಂಟ ಸ್ವಲ್ಪ ತಕರಾರು ತೆಗೆಯುತ್ತಿದ್ದರೆ, ಅಥವಾ ಆನ್-ರೋಡ್ ಎರಡು ಲಕ್ಷದೊಳಗೆ ಮುಗಿಯಬೇಕು ಅಂದರೆ ರೋನಿನ್. ಎತ್ತರ ತೀರಾ ಕಡಿಮೆ ಇದ್ದು ದೂರದ ಸವಾರಿಯೂ ಬೇಕು ಅನ್ನುವವರು ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350 ನೋಡಬಹುದು. ಅದು ಕ್ರೂಸರ್ (ಕಾಲು ಮುಂದೆ ಚಾಚಿ ಆರಾಮಾಗಿ ಕೂರುವ ಗಾಡಿ), ಪೂರ್ತಿ ರೆಟ್ರೋ ಅಲ್ಲ, ಆದರೆ ಅದರ 765 ಮಿಲಿಮೀಟರಿನ ಸೀಟಿನಷ್ಟು ತಗ್ಗು ಮೇಲಿನ ಯಾವ ಗಾಡಿಯಲ್ಲೂ ಇಲ್ಲ. ಮನಸ್ಸು ಮೈಸೂರಿನಲ್ಲೇ ಇದ್ದರೆ, ಡೀಲರ್ ಹತ್ತಿರವಿದ್ದರೆ ಜಾವಾ 42. ಕೈ ಬಿಟ್ಟಿಲ್ಲದವರಿಗೆ, ದುಡ್ಡಿಗೆ ಅಡ್ಡಿಯಿಲ್ಲದವರಿಗೆ ಸ್ಪೀಡ್ 400.

ಎರಡು ಗಾಡಿಗಳ ನಡುವೆ ತೂಗಾಡುತ್ತಿದ್ದರೆ ಟೆಸ್ಟ್ ರೈಡ್ ಹೀಗೆ ಮಾಡಿ. ಶೋರೂಮಿನವರು ಮುಂದಿನ ಸಿಗ್ನಲ್ಲಿನವರೆಗೆ ಹೋಗಿ ಬನ್ನಿ ಅನ್ನುತ್ತಾರೆ. ಅದು ಸಾಲದು. ಎಂಜಿನ್ ಆಫ್ ಮಾಡಿ, ಸ್ವಲ್ಪ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ಎಳೆದು ನೋಡಿ. ಡಬಲ್ ಸ್ಟ್ಯಾಂಡ್ ಇದ್ದರೆ ನೀವೇ ಹಾಕಿ ನೋಡಿ. ಕಿರಿದಾದ ರಸ್ತೆಯಲ್ಲಿ ಕಾಲು ಊರದೆ ಯೂ-ಟರ್ನ್ ತಗೊಳ್ಳಿ. ಹಿಂದೆ ಕೂರುವವರನ್ನು ಕೂರಿಸಿಕೊಂಡು ಒಂದು ಹಂಪ್ ದಾಟಿ. ಸಾಧ್ಯವಾದರೆ ಸಂಜೆ ಟ್ರಾಫಿಕ್ ಹೊತ್ತಿನಲ್ಲೇ ಹೋಗಿ, ಎಡಗೈ ಎಷ್ಟು ಹೊತ್ತಿಗೆ ದಣಿಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಬುಕ್ ಮಾಡುವ ಮೊದಲು ಲೈಸೆನ್ಸ್ ತೆಗೆದು ದಿನಾಂಕ ನೋಡಿ. ಕಾರು ಓಡಿಸುತ್ತಿರುವವರಿಗೆ ಅದು ಚಾಲ್ತಿಯಲ್ಲಿದ್ದೀತು, ಆದರೆ ಅದರಲ್ಲಿ ಗೇರ್ ಇರುವ ಬೈಕಿನ ವರ್ಗ ಇದೆಯಾ? ಬರೀ ಗೇರಿಲ್ಲದ ಸ್ಕೂಟರಿನ ಲೈಸೆನ್ಸ್ ಇದ್ದವರು ಈ ಗಾಡಿಗಳನ್ನು ಓಡಿಸುವಂತಿಲ್ಲ, ಹೊಸ ವರ್ಗ ಸೇರಿಸಬೇಕು. ಅವಧಿ ಮುಗಿದು ಒಂದು ವರ್ಷದೊಳಗಾದರೆ ಟೆಸ್ಟ್ ಇಲ್ಲದೆ ನವೀಕರಣ ಆಗುತ್ತದೆ. ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕು. ನಲವತ್ತು ದಾಟಿದವರಿಗೆ ವೈದ್ಯರ ಸರ್ಟಿಫಿಕೇಟೂ ಬೇಕು. ಅಟ್ಟದ ಮೇಲಿನ ಹಳೇ ಹೆಲ್ಮೆಟ್ಟನ್ನು ಮತ್ತೆ ಇಳಿಸಬೇಡಿ, ಅದರೊಳಗಿನ ಫೋಮ್ ಒಣಗಿ ಸತ್ತಿರುತ್ತದೆ. ಐಎಸ್‌ಐ ಗುರುತಿನ ಎರಡು ಹೊಸ ಹೆಲ್ಮೆಟ್, ಗ್ಲೌಸ್, ಕಣಕಾಲು ಮುಚ್ಚುವ ಶೂ, ಒಂದು ಜಾಕೆಟ್, ಇವಕ್ಕೆ ಅಂತ ಹದಿನೈದು ಇಪ್ಪತ್ತು ಸಾವಿರವನ್ನು ಗಾಡಿಯ ಬಜೆಟ್ಟಿನಿಂದಲೇ ಮೊದಲು ತೆಗೆದಿಡಿ. ಅದಕ್ಕಾಗಿ ಕ್ರೋಮ್ ಬಣ್ಣದ ಮೇಲಿನ ವೇರಿಯಂಟ್ ಬಿಡಬೇಕಾಗಿ ಬಂದರೆ ಬಿಡಿ. ಡ್ಯುಯಲ್ ಚಾನೆಲ್ ಎಬಿಎಸ್ ಮಾತ್ರ ಬಿಡಬೇಡಿ.